ಮೊಬೈಲ್ ಕಿತ್ತುಕೊಂಡರೆ ಮಗಳು ಸರಿ ಹೋಗ್ತಾಳಾ?

ಪ್ರಶ್ನೆ: ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ತೆಂಗಿನ ತೋಟ ಇದೆ. ಮಗಳಿಗೆ 16 ವರ್ಷ, ಮೊದಲ ಪಿಯುಸಿ ಸೈನ್ಸ್. ಎಸ್ಎಸ್ಎಲ್‌ಸಿವರೆಗೆ ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಂ ಓದಿದಳು, ಶೇ 91 ಬಂದಿತ್ತು. ಕಾಲೇಜಿಗೆ ಬೇಕಾಗುತ್ತೆ ಅಂತ ಮೊಬೈಲ್ ಕೊಡಿಸಿದೆವು. ನಾಲ್ಕು ತಿಂಗಳಿಂದ ಬೇರೆಯೇ ಹುಡುಗಿ ಆಗಿಬಿಟ್ಟಿದ್ದಾಳೆ. ರಾತ್ರಿ ಎರಡು, ಮೂರು ಗಂಟೆಯಾದರೂ ಹೊದಿಕೆಯೊಳಗೆ ಮೊಬೈಲ್ ಬೆಳಕು ಕಾಣುತ್ತೆ. ಬೆಳಿಗ್ಗೆ ಏಳಿಸಿದರೆ ರೇಗುತ್ತಾಳೆ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಥ್ರೋಬಾಲ್ ಅಂದರೆ ಪ್ರಾಣ ಅನ್ನುತ್ತಿದ್ದವಳು, ಕಾಲೇಜು ಟೀಮಿಗೆ ಕರೆದರೂ ಹೋಗಲಿಲ್ಲ. ಟೆಸ್ಟಿನಲ್ಲಿ ಎರಡು ಸಬ್ಜೆಕ್ಟ್ ಫೇಲ್. ಮೊನ್ನೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ಎಲ್ಲಾ ಸಾಕಾಗಿದೆ’ ಅಂತ ಹಾಕಿದ್ದಳು. ಕೇಳಿದರೆ ‘ಸುಮ್ನೆ ಹಾಕಿದ್ದು’ ಅಂದಳು. ಅವರಪ್ಪ ಮೊಬೈಲ್ ಒಡೆದುಹಾಕ್ತೀನಿ ಅಂತ ಕೂತಿದ್ದಾರೆ. ಇಂಟರ್ನೆಟ್ ಜಾಸ್ತಿ ನೋಡಿದರೆ ಮಕ್ಕಳಿಗೆ ಖಿನ್ನತೆ ಬರುತ್ತೆ ಅಂತ ಓದಿದೆ. ನಿಜವಾ ಡಾಕ್ಟರೇ? ಮೊಬೈಲ್ ಕಿತ್ತುಕೊಂಡರೆ ಸರಿ ಹೋಗ್ತಾಳಾ?

ಉತ್ತರ: ಅಮ್ಮ, ಮೊಬೈಲಿನ ಮಾತು ಆಮೇಲೆ ಆಡೋಣ. ಮೊದಲು ಆ ಸ್ಟೇಟಸ್.

‘ಎಲ್ಲಾ ಸಾಕಾಗಿದೆ’ ಅನ್ನುವುದನ್ನು ಮಕ್ಕಳು ಬೇಜಾರಿಗೂ ಬರೆಯುತ್ತಾರೆ, ಸಿಟ್ಟಿಗೂ ಬರೆಯುತ್ತಾರೆ. ಕೆಲವು ಸಲ ನಿಜವಾಗಿಯೂ ಸಾಕಾಗಿರುತ್ತದೆ. ಯಾವುದು ಅಂತ ಹೊರಗಿನಿಂದ ನೋಡಿ ಹೇಳಲು ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ. ಕೇಳಿಯೇ ತಿಳಿದುಕೊಳ್ಳಬೇಕು. ಇವತ್ತೇ ಕೇಳಿ. ತೋಟದ ಕಡೆ ನಡೆಯುವಾಗಲೋ, ತಲೆ ಬಾಚುವಾಗಲೋ, ನೀವಿಬ್ಬರೇ ಇರುವಾಗ ಮೆಲ್ಲಗೆ ಕೇಳಿ: ‘ಮಗಳೇ, ಬದುಕಿರೋದೇ ಬೇಡ ಅನ್ನಿಸುತ್ತಾ? ಏನಾದ್ರೂ ಮಾಡ್ಕೋಬೇಕು ಅಂತ ಯೋಚನೆ ಬಂದಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ತುಂಬ ಜನ ತಾಯಂದಿರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೇ ಕಟ್ಟಿಕೊಂಡಿದ್ದನ್ನು ಹೇಳಲು ಒಂದು ದಾರಿ ಸಿಕ್ಕಿತು ಅಂತ ಮಕ್ಕಳಿಗೆ ಹಗುರವೇ ಆಗುತ್ತದೆ.

‘ಹೌದು’ ಅಂದರೆ, ಇಲ್ಲವೇ ತಲೆ ತಗ್ಗಿಸಿ ಸುಮ್ಮನಾದರೆ, ಬೈಯಬೇಡಿ, ಆಣೆ ಹಾಕಿಸಬೇಡಿ. ಅವಳನ್ನು ಒಂಟಿಯಾಗಿ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416 ಟೆಲಿ ಮಾನಸ್ ನಂಬರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಅದು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ಅವಳೂ ಮಾಡಬಹುದು. ಇನ್ನೊಂದು ಕೆಲಸವನ್ನು ಅವಳು ಏನೇ ಉತ್ತರ ಕೊಟ್ಟರೂ ಮಾಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೀಗ ಹಾಕಿಡಿ, ಬೀಗದ ಕೈ ನಿಮ್ಮ ಯಜಮಾನರ ಹತ್ತಿರ ಇರಲಿ. ಮನೆಯಲ್ಲಿರುವ ಮಾತ್ರೆಗಳಿಗೂ ಅದೇ. ಕೆಟ್ಟ ಯೋಚನೆ ಬರುವ ಗಳಿಗೆ ಹೆಚ್ಚಾಗಿ ಸ್ವಲ್ಪ ಹೊತ್ತಿನದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಒಂದು ಜೀವ ಉಳಿಯುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನೀವು ಓದಿದ್ದು ಸುಳ್ಳಲ್ಲ. ಚೀನಾದ ಗುವಾಂಗ್‌ಝೌ ಊರಿನಲ್ಲಿ ಹೈಸ್ಕೂಲು ವಯಸ್ಸಿನ 1,041 ಮಕ್ಕಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದರು. 2010ರಲ್ಲಿ ಪ್ರಕಟವಾಯಿತು. ಮೊದಲು ಮಕ್ಕಳು ಇಂಟರ್ನೆಟ್ ಹೇಗೆ ಬಳಸುತ್ತಾರೆ ಅಂತ ಅಳೆದರು, ಒಂಬತ್ತು ತಿಂಗಳು ಬಿಟ್ಟು ಮತ್ತೆ ಮಾತಾಡಿಸಿದರು. ಅತಿಯಾಗಿ ಬಳಸುತ್ತಿದ್ದ ಮಕ್ಕಳಲ್ಲಿ ಖಿನ್ನತೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು. ಆದರೆ ಅಲ್ಲಿ ‘ಅತಿ’ ಅಂದರೆ ಏನು ಅಂತ ನೋಡಬೇಕು. ಕಿಂಬರ್ಲಿ ಯಂಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾಡಿದ 20 ಪ್ರಶ್ನೆಗಳ ಪಟ್ಟಿ ಬಳಸಿದ್ದರು. ಅದರಲ್ಲಿ ಬರೀ ಗಂಟೆ ಲೆಕ್ಕ ಇಲ್ಲ. ರಾತ್ರಿ ನಿದ್ದೆ ಕೆಡುತ್ತಾ? ಯಾರಾದರೂ ಅಡ್ಡಿ ಮಾಡಿದರೆ ರೇಗುತ್ತೀಯಾ? ಎಷ್ಟು ಹೊತ್ತು ನೋಡಿದೆ ಅನ್ನುವುದನ್ನು ಮುಚ್ಚಿಡುತ್ತೀಯಾ? ಇಂಟರ್ನೆಟ್ ಇಲ್ಲದಾಗ ಮಂಕಾಗಿ, ಸಿಕ್ಕಿದ ಕೂಡಲೇ ಸರಿ ಹೋಗುತ್ತೀಯಾ? ಇಂಥ ಪ್ರಶ್ನೆಗಳು. ಈ ಪಟ್ಟಿಯಲ್ಲಿ ಜಾಸ್ತಿ ಅಂಕ ಬಂದವರು ಅಲ್ಲಿ ನೂರಕ್ಕೆ ಆರೇ ಜನ.

ಹಾಗಂತ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 2019ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ತೆಗೆದು ನೋಡಿದರು. ಒಬ್ಬ ಹುಡುಗನ ಮನಸ್ಸು ಚೆನ್ನಾಗಿದೆ, ಇನ್ನೊಬ್ಬನದು ಇಲ್ಲ ಅನ್ನುವ ವ್ಯತ್ಯಾಸದಲ್ಲಿ ಮೊಬೈಲ್, ಕಂಪ್ಯೂಟರ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಅಂತ ಬಂತು. ತುಂಬ ಸಣ್ಣ ಪಾಲು. ಇನ್ನೊಂದು ಕಡೆ, 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಸಲಹೆ ಕೊಡುವ ಮುಖ್ಯ ವೈದ್ಯ) ಆಗಿದ್ದ ವಿವೇಕ್ ಮೂರ್ತಿ, ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರು, ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿ ಇರುವ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಎರಡು ಪಟ್ಟು ಅಂತ ಎಚ್ಚರಿಕೆ ಕೊಟ್ಟರು.

ಎರಡೂ ಸರಿ ಹೇಗೆ ಅಂತ ಕೇಳಬಹುದು. ಅದಕ್ಕೆ ಉತ್ತರ ನನಗೆ ಒಂದು ಹಳೆಯ ಅಧ್ಯಯನದಲ್ಲಿ ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಇಂಟರ್ನೆಟ್ ಹೊಸದಾಗಿದ್ದಾಗ 93 ಮನೆಗಳಿಗೆ ಕಂಪ್ಯೂಟರ್, ಇಂಟರ್ನೆಟ್ ಹಾಕಿಸಿಕೊಟ್ಟು ನೋಡಿದರು. ಜಾಸ್ತಿ ಬಳಸಿದವರಲ್ಲಿ ಒಂಟಿತನ, ಖಿನ್ನತೆ ಸ್ವಲ್ಪ ಜಾಸ್ತಿಯಾಯಿತು ಅಂತ 1998ರಲ್ಲಿ ಬರೆದರು. ಆಮೇಲೆ ಅದೇ ಜನರನ್ನು ಮತ್ತೆ ನೋಡಿದರೆ ಆ ಕೆಟ್ಟ ಪರಿಣಾಮ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. 2002ರಲ್ಲಿ ಅದನ್ನೂ ಬರೆದರು. ಹೊಸ ಗುಂಪಿನಲ್ಲಿ ಅವರಿಗೆ ಇನ್ನೊಂದು ವಿಷಯ ಕಂಡಿತು. ಮೊದಲೇ ಗೆಳೆಯರು, ಜೊತೆಗಾರರು ಇದ್ದವರಿಗೆ ಇಂಟರ್ನೆಟ್‌ನಿಂದ ಒಳ್ಳೆಯದೇ ಆಗಿತ್ತು. ಜೊತೆ ಕಡಿಮೆ ಇದ್ದವರಿಗೆ ಅಷ್ಟು ಒಳ್ಳೆಯದಾಗಿರಲಿಲ್ಲ. ಅಂದರೆ ಒಂದೇ ಮೊಬೈಲು ಎಲ್ಲ ಮಕ್ಕಳಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಆ ಮಗುವಿನ ಸುತ್ತ ಏನಿದೆ, ಏನಿಲ್ಲ ಅನ್ನುವುದರ ಮೇಲೆ ಹೋಗುತ್ತದೆ.

ಅದಕ್ಕೇ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ನನ್ನ ಕಣ್ಣು ಮೊಬೈಲಿನ ಮೇಲೆ ನಿಲ್ಲಲಿಲ್ಲ. ಕನ್ನಡ ಮೀಡಿಯಂ ಅನ್ನುವ ಮಾತಿನ ಮೇಲೆ ನಿಂತಿತು.

ಊರಿನ ಹೈಸ್ಕೂಲಿನಲ್ಲಿ ಶೇ 91 ತೆಗೆದ ಹುಡುಗಿ. ಮೇಷ್ಟ್ರ ಬಾಯಲ್ಲಿ ಅವಳ ಹೆಸರು, ಥ್ರೋಬಾಲ್ ಟೀಮಿನಲ್ಲಿ ಅವಳ ಹೆಸರು. ಎರಡು ತಿಂಗಳ ರಜೆ ಮುಗಿಸಿ ಕಾಲೇಜಿಗೆ ಹೋದರೆ ‘ವೇಗೋತ್ಕರ್ಷ’ ಹೋಗಿ ‘ಆಕ್ಸಿಲರೇಷನ್’ ಬಂದಿದೆ, ‘ದ್ಯುತಿಸಂಶ್ಲೇಷಣೆ’ ಹೋಗಿ ‘ಫೋಟೊಸಿಂಥೆಸಿಸ್’ ಬಂದಿದೆ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದ ಹಾಗೆ ಕಾಣುತ್ತದೆ. ಲೆಕ್ಚರರ್ ಏನೋ ಕೇಳುತ್ತಾರೆ, ಉತ್ತರ ಕನ್ನಡದಲ್ಲಿ ತಲೆಯೊಳಗೆ ಇರುತ್ತದೆ, ಇಂಗ್ಲಿಷಿನಲ್ಲಿ ಬಾಯಿಗೆ ಬರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಾರೆ. ಹೈಸ್ಕೂಲಿನ ಗೆಳತಿಯರು ಒಬ್ಬೊಬ್ಬರು ಒಂದೊಂದು ಕಡೆ. ಜೂನ್, ಜುಲೈ ತಿಂಗಳಲ್ಲಿ ಸೇರಿಕೊಂಡು ದಸರೆ ಹೊತ್ತಿಗೆ ನನ್ನ ಹತ್ತಿರ ಬರುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ತಂದೆತಾಯಿ ‘ಮೊಬೈಲ್ ಹುಚ್ಚು ಡಾಕ್ಟ್ರೇ’ ಅಂತ ಕರೆತರುತ್ತಾರೆ.

ನಿಮ್ಮ ಮಗಳಿಗೂ ಇದೇ ಆಗಿದೆ ಅಂತ ನಾನು ಹೇಳಲಾರೆ, ಅವಳನ್ನು ನೋಡಿಲ್ಲ. ಬೇರೆ ಕಾರಣವೂ ಇರಬಹುದು. ಯಾರೋ ಆನ್‌ಲೈನ್‌ನಲ್ಲಿ ಕಾಡುತ್ತಿರಬಹುದು, ಫೋಟೊ ಇಟ್ಟುಕೊಂಡು ಹೆದರಿಸುತ್ತಿರಬಹುದು, ಒಂದು ಸ್ನೇಹ ಮುರಿದಿರಬಹುದು. ಇದನ್ನೂ ಬೈಯದೆ ಕೇಳಬೇಕು. ‘ಏನೇ ಆಗಿದ್ರೂ ನಿನ್ನ ಮೇಲೆ ಸಿಟ್ಟು ಮಾಡ್ಕೊಳಲ್ಲ’ ಅಂತ ಮೊದಲೇ ಹೇಳಿ ಕೇಳಿ. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ.

ಮೊಬೈಲಿನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತ ಒಂದು ಜಾಗ ಇದೆ. ಸೆಟ್ಟಿಂಗ್ಸ್ ಒಳಗೆ ಹೋದರೆ ಸಿಗುತ್ತದೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆದರು, ದಿನಕ್ಕೆ ಎಷ್ಟು ಸಲ ಲಾಕ್ ತೆಗೆದರು ಎಲ್ಲ ಅದರಲ್ಲಿ ಇರುತ್ತದೆ. ನಾನು ಮಕ್ಕಳ ಕೈಯಿಂದ ಫೋನ್ ತೆಗೆದುಕೊಳ್ಳುವುದಿಲ್ಲ. ‘ನೀನೇ ತೆಗೆದು ತೋರಿಸು’ ಅನ್ನುತ್ತೇನೆ. ನಿಮ್ಮ ಮಗಳ ವಯಸ್ಸಿನದೇ ಒಂದು ಹುಡುಗಿ ಹೀಗೆ ತೋರಿಸಿದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ರಾತ್ರಿ ಒಂದರಿಂದ ಮೂರರವರೆಗೆ ಬರೀ ರೀಲ್ಸ್. ‘ಏನು ನೋಡ್ತಿದ್ದೆ?’ ಅಂದೆ. ‘ಏನೂ ಇಲ್ಲ ಮೇಡಂ, ನೆನಪೇ ಇಲ್ಲ’ ಅಂದಳು. ‘ಮತ್ತೆ ಕೆಳಗಿಡೋಕೆ ಏನು ಕಷ್ಟ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಕೆಳಗಿಟ್ರೆ ನಿದ್ದೆ ಬರುತ್ತೆ ಮೇಡಂ. ನಿದ್ದೆ ಮಾಡಿದ್ರೆ ಬೆಳಗಾಗುತ್ತೆ. ಬೆಳಗಾದ್ರೆ ಕಾಲೇಜಿಗೆ ಹೋಗ್ಬೇಕು.’

ಆ ಹುಡುಗಿ ರೀಲ್ಸ್ ಇಷ್ಟಪಟ್ಟು ನೋಡುತ್ತಿರಲಿಲ್ಲ. ಬೆಳಗಾಗುವುದನ್ನು ಮುಂದೂಡುತ್ತಿದ್ದಳು.

ಇದು ಸುತ್ತಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಮನಸ್ಸಿಗೆ ಮಂಕು ಕವಿದಾಗ ಏನೂ ಮಾಡಲು ಮನಸ್ಸು ಬರುವುದಿಲ್ಲ. ಆಡುವುದು, ಓದುವುದು, ಎದುರು ಕೂತು ಮಾತಾಡುವುದು ಎಲ್ಲಕ್ಕೂ ಶಕ್ತಿ ಬೇಕು. ಮೊಬೈಲಿಗೆ ಹೆಬ್ಬೆರಳು ಸಾಕು. ಮಲಗಿಕೊಂಡೇ ಆಗುತ್ತದೆ. ಸ್ವಲ್ಪ ಹೊತ್ತು ನೋವು ಮರೆಯುತ್ತದೆ. ಆದರೆ ನಿದ್ದೆ ಕೆಡುತ್ತದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಅದರ ಮೇಲೆ ಕಣ್ಣಿಗೆ ಹತ್ತಿರದ ಬೆಳಕು, ಒಂದಾದ ಮೇಲೆ ಒಂದು ಬರುವ ವೀಡಿಯೊ. ಮೂರಕ್ಕೆ ಮಲಗಿ ಆರಕ್ಕೆ ಎದ್ದ ಮಗು ಬೆಳಿಗ್ಗೆ ರೇಗದೆ ಇನ್ನೇನು ಮಾಡುತ್ತದೆ? ಕ್ಲಾಸಿನಲ್ಲಿ ತಲೆಗೆ ಏನೂ ಹತ್ತುವುದಿಲ್ಲ, ಟೆಸ್ಟಿನಲ್ಲಿ ಫೇಲ್, ಮನೆಯಲ್ಲಿ ಬೈಗುಳ, ಮನಸ್ಸು ಇನ್ನಷ್ಟು ಕುಗ್ಗುತ್ತದೆ, ರಾತ್ರಿ ಮತ್ತೆ ಮೊಬೈಲು. ಎಲ್ಲಿ ಶುರುವಾಯಿತು ಅಂತ ಹುಡುಕುತ್ತ ಕೂರುವುದಕ್ಕಿಂತ ಎಲ್ಲಿ ಕೈ ಹಾಕಿದರೆ ಇದು ನಿಲ್ಲುತ್ತದೆ ಅಂತ ನೋಡುವುದು ಮುಖ್ಯ. ನನ್ನ ಅನುಭವದಲ್ಲಿ ಅದು ನಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಿನ್ನತೆ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಾವು ಅಂದುಕೊಂಡಿರುತ್ತೇವೆ. ಈ ವಯಸ್ಸಿನ ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಡಿಮಿಡಿಯಾಗಿ ಕಾಣುತ್ತದೆ. ಇಷ್ಟದ ಆಟ ಬಿಟ್ಟಿದ್ದಾಳೆ, ಊಟ ಕಡಿಮೆಯಾಗಿದೆ, ನಿದ್ದೆ ಕೆಟ್ಟಿದೆ, ರೇಗುತ್ತಾಳೆ. ಇವು ಎರಡು ವಾರ ದಾಟಿದರೇ ಡಾಕ್ಟರ್ ನೋಡಬೇಕು ಅನ್ನುತ್ತೇವೆ. ನಿಮ್ಮ ಮನೆಯಲ್ಲಿ ನಾಲ್ಕು ತಿಂಗಳಾಗಿದೆ. ಇದು ಕೊಬ್ಬಲ್ಲ, ಸೋಮಾರಿತನ ಅಲ್ಲ. ದಯವಿಟ್ಟು ನಿಮ್ಮ ಯಜಮಾನರಿಗೆ ಈ ಸಾಲು ಓದಿ ಹೇಳಿ.

ಮೊಬೈಲ್ ಒಡೆಯಬಾರದು ಅನ್ನುವುದು ಅದಕ್ಕೇ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಕಣ್ಣೆದುರು ಮಗಳು ಸೊರಗುವುದನ್ನು ನೋಡುವ ತಂದೆಗೆ ಕೈಗೆ ಸಿಗುವ ಶತ್ರು ಅಂದರೆ ಅದೊಂದೇ. ಆದರೆ ಈಗ ಅವಳಿಗೆ ಹೈಸ್ಕೂಲಿನ ಗೆಳತಿಯರ ಜೊತೆ ಉಳಿದಿರುವ ದಾರಿ ಅದೊಂದೇ ಇರಬಹುದು. ಅರ್ಥವಾಗದ ಪಾಠವನ್ನು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಕೇಳಿಸಿಕೊಳ್ಳುವುದೂ ಅದರಲ್ಲೇ ಇರಬಹುದು. ಮೊದಲೇ ಕುಗ್ಗಿರುವ ಮಗುವಿನಿಂದ ಸಿಟ್ಟಿನ ಭರದಲ್ಲಿ ಅದನ್ನು ಕಿತ್ತುಕೊಂಡರೆ ಏನು ಮಾಡಿಕೊಳ್ಳುತ್ತದೋ ಹೇಳಲಾಗುವುದಿಲ್ಲ. ಹಾಗೇನೂ ಆಗದಿದ್ದರೂ, ನಿಮ್ಮ ಹತ್ತಿರ ನಿಜ ಹೇಳುವ ಬಾಯಿ ಮುಚ್ಚಿಹೋಗುತ್ತದೆ.

ಏನು ಮಾಡಬಹುದು? ಮನೆಯ ಎಲ್ಲ ಮೊಬೈಲೂ ರಾತ್ರಿ ಹಾಲಿನಲ್ಲಿ ಒಂದೇ ಕಡೆ ಚಾರ್ಜಿಗೆ ಹಾಕುವ ಪದ್ಧತಿ ಇಟ್ಟುಕೊಳ್ಳಿ. ಎಲ್ಲ ಅಂದರೆ ಎಲ್ಲ. ನಿಮ್ಮದು, ನಿಮ್ಮ ಯಜಮಾನರದು ಸೇರಿ. ಅಪ್ಪ ಹಾಸಿಗೆಯಲ್ಲಿ ಯೂಟ್ಯೂಬ್ ನೋಡುತ್ತಾ ಮಗಳಿಗೆ ಮಾತ್ರ ಇಡು ಅಂದರೆ ಅವಳು ಕೇಳುವುದಿಲ್ಲ. ಕೇಳಲೂಬಾರದು. ಮೊದಲ ದಿನವೇ ಹತ್ತು ಗಂಟೆ ಅನ್ನಬೇಡಿ. ಮೂರು ಗಂಟೆಗೆ ಮಲಗುವವಳಿಗೆ ಹತ್ತಕ್ಕೆ ನಿದ್ದೆ ಬರುವುದಿಲ್ಲ, ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಯೋಚನೆ ಮಾಡುತ್ತಾ ಬಿದ್ದಿರುತ್ತಾಳೆ, ಅದು ಇನ್ನೂ ಕೆಟ್ಟದ್ದು. ಅವಳ ಜೊತೆ ಕೂತು ಮಾತಾಡಿ. ಈ ವಾರ ರಾತ್ರಿ ಒಂದು ಗಂಟೆಗೆ ಇಡಲಿ, ಮುಂದಿನ ವಾರ ಹನ್ನೆರಡಕ್ಕೆ, ಆಮೇಲೆ ಹನ್ನೊಂದಕ್ಕೆ. ‘ಅಲಾರಂ ಇರೋದು ಅದರಲ್ಲೇ’ ಅನ್ನುತ್ತಾಳೆ, ಎಲ್ಲ ಮಕ್ಕಳೂ ಅನ್ನುತ್ತಾರೆ. ಅಂಗಡಿಯಲ್ಲಿ ಒಂದು ಟೇಬಲ್ ಅಲಾರಂ ತಂದುಕೊಡಿ.

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಹಿಡಿಯಿರಿ. ಭಾನುವಾರವೂ ಅದೇ ಹೊತ್ತು. ಎದ್ದ ಮೇಲೆ ಅರ್ಧ ಗಂಟೆ ಬಿಸಿಲು ಬೀಳುವ ಕಡೆ ಇರಲಿ. ನಿಮಗೆ ತೋಟ ಇದೆ, ಇದಕ್ಕಿಂತ ಇನ್ನೇನು ಬೇಕು? ಅವರಪ್ಪ ನೀರು ಬಿಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಲಿ. ಆ ಹೊತ್ತಿನಲ್ಲಿ ಮಾರ್ಕ್ಸು, ಮೊಬೈಲು ಎರಡರ ಮಾತೂ ಬೇಡ. ಮಾತಾಡದೆ ನಡೆದರೂ ಆಗುತ್ತದೆ.

ಥ್ರೋಬಾಲಿಗೆ ‘ಹೋಗು ಹೋಗು’ ಅಂತ ತಳ್ಳಬೇಡಿ. ಈಗ ಅವಳಿಗೆ ಹೊಸ ಕಾಲೇಜು ಟೀಮು ಅಂದರೆ ಬೆಟ್ಟ. ಹಳೆಯ ಟೀಮಿನ ಇಬ್ಬರು ಹುಡುಗಿಯರನ್ನು ಭಾನುವಾರ ಮನೆಗೆ ಕರೆಯಿರಿ. ಚೆಂಡು ಅಲ್ಲೇ ಇರಲಿ. ಆಡಿದರೆ ಆಡಲಿ, ಇಲ್ಲದಿದ್ದರೆ ಜಗಲಿ ಮೇಲೆ ಕೂತು ಹರಟೆ ಹೊಡೆಯಲಿ.

ಕಾಲೇಜಿಗೆ ಒಂದು ಸಲ ಹೋಗಿ ಬನ್ನಿ. ಅವಳಿಗೆ ಹೇಳಿ ಹೋಗಿ, ಹೇಳದೆ ಹೋಗಬೇಡಿ. ಕನ್ನಡ ಮೀಡಿಯಂನಿಂದ ಬಂದ ಮಗು, ಭಾಷೆ ಕಷ್ಟವಾಗುತ್ತಿದೆಯಾ ಅಂತ ವಿಚಾರಿಸಿ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಹತ್ತಿರದಲ್ಲಿದ್ದರೆ, ಕನ್ನಡದ ಪದಕ್ಕೆ ಇಂಗ್ಲಿಷಿನದು ಬರೆದು ಒಂದು ನೋಟ್‌ಬುಕ್ ಮಾಡಿಸಲು ವಾರಕ್ಕೆರಡು ದಿನ ಕೂರಿಸಿಕೊಳ್ಳುತ್ತಾರಾ ಕೇಳಿ. ಇಷ್ಟರಿಂದಲೇ ಎದ್ದು ನಿಂತ ಮಕ್ಕಳನ್ನು ನೋಡಿದ್ದೇನೆ. ಸೈನ್ಸ್ ಅವಳ ಆಸೆಯೋ, ಮನೆಯವರ ಆಸೆಯೋ ಅನ್ನುವುದನ್ನೂ ಒಂದು ದಿನ ಬಿಚ್ಚುಮನಸ್ಸಿನಿಂದ ಮಾತಾಡಿ. ಕಾಮರ್ಸ್, ಆರ್ಟ್ಸ್ ಅಂದರೆ ಸೋಲಲ್ಲ.

ಇದೆಲ್ಲ ಮನೆಯಲ್ಲಿ ಮಾಡುವ ಕೆಲಸ. ಇದು ಫಲ ಕೊಡುತ್ತದಾ ನೋಡೋಣ ಅಂತ ಡಾಕ್ಟರನ್ನು ಕಾಣುವುದನ್ನು ಮುಂದಕ್ಕೆ ಹಾಕಬೇಡಿ. ಎರಡೂ ಜೊತೆಗೇ ಆಗಲಿ, ಈ ವಾರವೇ ಆಗಲಿ. ಅದಕ್ಕೆ ಬೆಂಗಳೂರಿಗೇ ಓಡಬೇಕು ಅಂತಿಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಗೊತ್ತಾದ ದಿನ ಮನೋವೈದ್ಯರು ನೋಡುತ್ತಾರೆ, ಯಾವ ದಿನ ಅಂತ ಮೊದಲೇ ವಿಚಾರಿಸಿ.

ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ಎರಡೂ ಮಕ್ಕಳನ್ನು ಮಂಕು ಮಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಜನರಿಗೆ ರಕ್ತಹೀನತೆ ಇತ್ತು. ಅರ್ಧ ಊಟ ಬಿಡುವ ಹುಡುಗಿಗೆ ಇದನ್ನು ನೋಡಲೇಬೇಕು.

ಖಿನ್ನತೆ ಜಾಸ್ತಿ ಇಲ್ಲದಿದ್ದರೆ ಬರೀ ಮಾತಿನ ಚಿಕಿತ್ಸೆಯಲ್ಲೇ ಗುಣವಾಗುತ್ತದೆ. ಜಾಸ್ತಿ ಇದ್ದರೆ ಮಾತ್ರೆ ಕೊಡಬಹುದು. ‘ಮಾತ್ರೆ ಅಭ್ಯಾಸ ಆಗಿಬಿಟ್ರೆ?’ ಅಂತ ಎಲ್ಲರೂ ಕೇಳುತ್ತಾರೆ. ಖಿನ್ನತೆಯ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2004ರಲ್ಲಿ ಬಂತು. ಫ್ಲುಆಕ್ಸೆಟಿನ್ ಅನ್ನುವ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ನೂರಕ್ಕೆ 71 ಜನ 12 ವಾರದಲ್ಲಿ ಸುಧಾರಿಸಿದ್ದರು. ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರ ಮಾತ್ರ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಕೆಲವರಲ್ಲಿ ಚಡಪಡಿಕೆ, ಸಾಯುವ ಯೋಚನೆ ಜಾಸ್ತಿಯಾಗಬಹುದು. ಹಾಗೆ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಿ. ಚೆನ್ನಾಗಿದ್ದಾಳೆ ಅಂತ ನೀವೇ ಮಾತ್ರೆ ನಿಲ್ಲಿಸುವುದೂ ಬೇಡ.

ಮನಸ್ಸು ತಿಳಿಯಾದ ಮೇಲೂ ಮೊಬೈಲ್ ಬಿಡಲು ಆಗದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್ ಕ್ಲಿನಿಕ್’ ಅಂತ ಇದೇ ಕೆಲಸಕ್ಕೆ ನಡೆಯುತ್ತಿದೆ. ಆ ಹೊತ್ತಿಗೆ ಬೇಕಾದರೆ ಅರಸೀಕೆರೆಯಿಂದ ರೈಲು ಹತ್ತಿದರಾಯಿತು. ಈಗ ಹಾಸನ ಸಾಕು.

ಹೋಗುವಾಗ ಅವಳಿಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ‘ಕಣ್ಣು ಟೆಸ್ಟ್ ಮಾಡಿಸೋಣ ಬಾ’ ಅಂತ ಕರೆತರುವವರು ಇದ್ದಾರೆ, ಆ ಮಗು ನನ್ನ ಎದುರು ಕೂತರೂ ಬಾಯಿ ಬಿಡುವುದಿಲ್ಲ. ‘ನಿಂಗೆ ನಿದ್ದೆ ಇಲ್ಲ, ಊಟ ಇಲ್ಲ, ನಂಗೆ ನೋಡೋಕಾಗ್ತಿಲ್ಲ, ಒಂದು ಸಲ ತೋರಿಸ್ಕೊಂಡು ಬರೋಣ’ ಅನ್ನಿ. ಅಷ್ಟು ಸಾಕು. ಡಾಕ್ಟರ್ ಮೊದಲು ಅವಳೊಬ್ಬಳನ್ನೇ ಒಳಗೆ ಕರೆಯಬಹುದು. ಬೇಜಾರು ಮಾಡಿಕೊಳ್ಳಬೇಡಿ, ಹೊರಗೆ ಬೆಂಚಿನ ಮೇಲೆ ಕೂತಿರಿ. ಅವಳು ಬಂದ ಮೇಲೆ ಒಳಗೆ ಏನು ಕೇಳಿದರು, ಏನು ಹೇಳಿದೆ ಅಂತ ಬಸ್ಸಿನಲ್ಲಿ ಕೆದಕಬೇಡಿ. ಹಸಿವಾಗಿದೆಯಾ ಅಂತ ಕೇಳಿ.